ಗಾಡಿ ಕಲಿತ ಮಾತು

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾದುದೂ, ಆ ಹೆಸರು ಮುಂದೆ ದೇಶಕ್ಕೆಲ್ಲ ಸಂದುದೂ, ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯ ತನ್ನ ಕೆಲಸವನ್ನು ಆರಂಭಿಸಿದುದೂ ಬಾನುಲಿಯ ಕೇಳುಗರಾದ ನಿಮಗೆ ಹೊಸ ಸಂಗತಿಗಳಲ್ಲ. ಆದರೆ ಒಂದು ಮಾತನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಗೋಪಾಲಸ್ವಾಮಿಯವರ ವಿದ್ಯೆ ಒಬ್ಬೊಬ್ಬ ಮನುಷ್ಯನ ಮನಸ್ಸನ್ನೂ ಅರಿಯಲು ಯತ್ನಿಸುವ ವಿದ್ಯೆ. ಅವರು ಕಟ್ಟಿದ ಯಂತ್ರಕ್ಕೋ ಒಬ್ಬ ಕೇಳುಗನ ಪರಿಚಯವೂ ಇಲ್ಲ. ದಿವಾನರ ಬಂಗಲೆಯಲ್ಲಾಗಲಿ, ಅಗ್ರಹಾರದ ಹೋಟೆಲಿನಲ್ಲಾಗಲಿ, ಅದು ಒಂದೇ ಮಾತನ್ನು ಒಂದೇ ಗಳಿಗೆಯಲ್ಲಿ ನುಡಿಯುತ್ತಿತ್ತು. ಕೇಳಿದವರು ಯಾರು, ಕಿವಿ ತಿರುಗಿಸಿ ನಿಲ್ಲಿಸಿದವರು ಯಾರು ಎಂಬುದು ಅದಕ್ಕೆ ತಿಳಿಯುವಂತಿರಲಿಲ್ಲ. ತಿಳಿಯಬೇಕಾದರೆ ನೀವು ಒಂದು ಕಾರ್ಡು ಬರೆದು ಹಾಕಬೇಕಾಗಿತ್ತು.

ಈಚಿನ ಮೂವತ್ತು ವರ್ಷಗಳಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ವೈಟ್‌ಫೀಲ್ಡಿನ ಕಡೆಯ ಗಾಜಿನ ಕಟ್ಟಡಗಳಲ್ಲಿ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಬೊಮ್ಮಸಂದ್ರಗಳಲ್ಲಿ, ಇದಕ್ಕೆ ತೀರ ವಿರುದ್ಧವಾದ ಒಂದು ವಾಣಿ ಬೆಳೆದಿದೆ. ಅದು ಮೋಟಾರು ಗಾಡಿಯೊಳಗಿನ ವಾಣಿ. ಗಾಡಿಯಲ್ಲಿ ಕುಳಿತವರು ಯಾರೆಂಬುದನ್ನು ಗುರುತಿಸಿ, ಅವರ ಅಭ್ಯಾಸವನ್ನು ಕಲಿತು, ಅವರಿಗೆ ತಕ್ಕಂತೆ ಹಾಡನ್ನೂ ಹಾದಿಯನ್ನೂ ಸುದ್ದಿಯನ್ನೂ ಒದಗಿಸುವುದು ಅದರ ಕೆಲಸ. ಅದು ಹುಟ್ಟಿ ಬೆಳೆದ ಬಗೆಯನ್ನು, ಅದರಿಂದ ನಮಗೆ ಆಗಿರುವ ಲಾಭವನ್ನೂ ಕಾದಿರುವ ಚಿಂತೆಯನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಕಾರಿನೊಳಗೆ ಮೊದಲು ಮಾತನಾಡಿದುದು ಬಾನುಲಿಯೇ. ಅಮೆರಿಕದ ಗಾಲ್ವಿನ್ ಸಹೋದರರು ೧೯೩೦ರಲ್ಲಿ ಕಾರಿಗೆಂದೇ ಒಂದು ರೇಡಿಯೋವನ್ನು ಮಾಡಿ ಮಾರುಕಟ್ಟೆಗೆ ತಂದರು. ಮೋಟಾರು ಎಂಬುದರ ತುದಿಗೆ ಆ ಕಾಲದ ಗ್ರಾಮೋಫೋನುಗಳ ಹೆಸರಿನ ಬಾಲವನ್ನು ಅಂಟಿಸಿ ಅದನ್ನು 'ಮೋಟೊರೋಲಾ' ಎಂದು ಕರೆದರು. ಎರಡು ವರ್ಷಗಳ ಅನಂತರ, ೧೯೩೨ರಲ್ಲಿ, ಬರ್ಲಿನ್ನಿನ ಒಂದು ಕಾರ್ಖಾನೆ ಐರೋಪ್ಯದ ಮೊದಲ ಕಾರ್ ರೇಡಿಯೋವನ್ನು ಹೊರತಂದಿತು. ಮುಂದೆ ಬ್ಲಾಪುಂಕ್ಟ್ ಎಂದು ಹೆಸರಾದುದು ಆ ಕಾರ್ಖಾನೆಯೇ. ೧೯೩೩ರಲ್ಲಿ ಬಾಷ್ ಸಂಸ್ಥೆ ಅದನ್ನು ಕೊಂಡಿತು. ಬಾಷ್ ಎಂಬ ಹೆಸರನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ಅದು ನಮ್ಮ ಊರಿಗೆ ಬರುವ ಹೆಸರು.

ಆ ಮೊದಲ ರೇಡಿಯೋಗಳಿಗೆ ದೊಡ್ಡ ವೈರಿಯೆಂದರೆ ಕಾರಿನ ಎಂಜಿನೇ. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೋದಲ್ಲಿ ಚಟಪಟ ಸದ್ದು. ಗಾಡಿ ವೇಗವಾಗಿ ಓಡಿದಷ್ಟೂ ಸದ್ದು ಹೆಚ್ಚು. ಸಂಗೀತ ಕೇಳಬೇಕಾದರೆ ಗಾಡಿಯನ್ನು ನಿಲ್ಲಿಸಬೇಕು, ಗಾಡಿ ಓಡಬೇಕಾದರೆ ಸಂಗೀತವನ್ನು ಬಿಡಬೇಕು ಎಂಬಂಥ ಸ್ಥಿತಿ. ಕಿಡಿಯ ಸದ್ದನ್ನು ಅಡಗಿಸುವ ಉಪಾಯಗಳು ಒಂದೊಂದಾಗಿ ಬಂದ ಮೇಲೆ ಕಾರಿನ ರೇಡಿಯೋ ನೆಮ್ಮದಿಯಾಗಿ ಹಾಡತೊಡಗಿತು. ನಮ್ಮ ದೇಶದಲ್ಲಿ ಅದಕ್ಕೆ ಇನ್ನೊಂದು ತೊಡಕೂ ಇತ್ತು. ಮನೆಯ ರೇಡಿಯೋಗೆ ಅಂಚೆ ಕಛೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದ ಆ ಕಾಲದಲ್ಲಿ ಕಾರಿನ ರೇಡಿಯೋಗೂ ಲೈಸೆನ್ಸು ಬೇಕಾಗಿತ್ತು. ಸರಕಾರಕ್ಕೆ ನಿಮ್ಮ ಮನೆಯಲ್ಲಿ ಒಂದು ರೇಡಿಯೋ ಇದೆಯೆಂದು ಗೊತ್ತು. ಅದರಲ್ಲಿ ನೀವು ಏನನ್ನು ಕೇಳುತ್ತೀರಿ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಈ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

ಗಾಡಿಯೊಳಗಿನ ವಾಣಿಗೆ ಜಾಗದ ಅರಿವು ಮೊದಲು ಮೂಡಿದುದು ಪಶ್ಚಿಮ ಜರ್ಮನಿಯಲ್ಲಿ, ೧೯೭೪ರಲ್ಲಿ. ಬ್ಲಾಪುಂಕ್ಟ್‌ನವರು ಅಲ್ಲಿಯ ಬಾನುಲಿ ನಿಲಯಗಳ ಜೊತೆ ಸೇರಿ ಒಂದು ಏರ್ಪಾಡನ್ನು ಮಾಡಿದರು. ನಿಲಯದ ಪ್ರಸಾರದೊಡನೆ ಕಿವಿಗೆ ಕೇಳಿಸದ ಒಂದು ಸಂಕೇತವೂ ಹೊರಡುತ್ತಿತ್ತು. ಈ ನಿಲಯ ಇಂಥ ಪ್ರದೇಶದ್ದು, ಈಗ ಬರುವುದು ರಸ್ತೆಯ ಸುದ್ದಿ ಎಂಬುದನ್ನು ಆ ಸಂಕೇತವೇ ಕಾರಿನ ರೇಡಿಯೋಗೆ ತಿಳಿಸುತ್ತಿತ್ತು. ಒಡನೆಯೇ ರೇಡಿಯೋ ತಾನಾಗಿ ಧ್ವನಿಯನ್ನು ಏರಿಸಿಕೊಳ್ಳುವುದು. ಕ್ಯಾಸೆಟ್ಟು ಹಾಡುತ್ತಿದ್ದರೆ ಅದನ್ನು ತಡೆದು ಸುದ್ದಿಯನ್ನು ಹೇಳುವುದು. ಮುಂದಿನ ಹೆದ್ದಾರಿಯಲ್ಲಿ ಅಪಘಾತವಾಗಿದೆ, ಬೇರೆ ದಾರಿ ಹಿಡಿಯಿರಿ ಎಂದು ಮುಗಿಸಿ ಮತ್ತೆ ಹಾಡಿಗೆ ಬಿಡುವುದು. ಇದರಲ್ಲಿ ಒಂದು ಸೊಗಸಿದೆ: ರೇಡಿಯೋಗೆ ಪ್ರಯಾಣಿಕನ ಅಗತ್ಯ ತಿಳಿದಿತ್ತು, ಪ್ರಯಾಣಿಕ ಯಾರೆಂಬುದು ತಿಳಿದಿರಲಿಲ್ಲ. ನನ್ನನ್ನು ಕೇಳಿದರೆ ಈ ವಿದ್ಯೆಯ ಇಡೀ ಚರಿತ್ರೆಯಲ್ಲಿ ಇಷ್ಟು ಮರ್ಯಾದೆಯ ಏರ್ಪಾಡು ಮತ್ತೊಂದು ಬಂದಿಲ್ಲ.

ಹಾದಿ ತೋರಿಸುವ ಯಂತ್ರದ ಕಥೆ ಬೇರೆ. ೧೯೮೫ರಲ್ಲಿ ಕ್ಯಾಲಿಫೋರ್ನಿಯದ ಈಟ್ಯಾಕ್ ಎಂಬ ಸಂಸ್ಥೆ ಕಾರಿನಲ್ಲಿಡುವ ಒಂದು ನಕ್ಷೆಯ ಪೆಟ್ಟಿಗೆಯನ್ನು ಮಾರಿತು. ಪೆಸಿಫಿಕ್ ಸಾಗರದ ದ್ವೀಪವಾಸಿಗಳು ನಕ್ಷತ್ರಗಳನ್ನು ನೋಡಿ ದೋಣಿ ನಡೆಸುವ ವಿದ್ಯೆಯಿಂದ ಬಂದ ಹೆಸರು ಅದು. ಆಗಿನ್ನೂ ಉಪಗ್ರಹಗಳ ನೆರವು ಜನಸಾಮಾನ್ಯರಿಗೆ ಇಲ್ಲ. ಚಕ್ರ ಎಷ್ಟು ಸುತ್ತು ಸುತ್ತಿತು, ದಿಕ್ಸೂಚಿ ಎತ್ತ ತಿರುಗಿತು ಎಂದು ಲೆಕ್ಕ ಹಾಕಿ ಯಂತ್ರ ತನ್ನ ಜಾಗವನ್ನು ಊಹಿಸುತ್ತಿತ್ತು. ಊಹೆ ರಸ್ತೆಯನ್ನು ಬಿಟ್ಟು ಯಾರದೋ ಹಿತ್ತಿಲಿಗೆ ಹೋದರೆ ಅದನ್ನು ಹತ್ತಿರದ ರಸ್ತೆಗೆ ಎಳೆದು ತರುತ್ತಿತ್ತು. ನಕ್ಷೆಗಳು ಇದ್ದುದು ಕ್ಯಾಸೆಟ್ಟುಗಳಲ್ಲಿ. ಬ್ಲಾಪುಂಕ್ಟ್ ಇದೇ ವಿದ್ಯೆಯನ್ನು ಪಡೆದು ೧೯೮೯ರಲ್ಲಿ ಐರೋಪ್ಯದಲ್ಲಿ ತನ್ನ ಯಂತ್ರವನ್ನು ಮಾರಿತು. ೨೦೦೦ದ ಮೇ ತಿಂಗಳಿನಲ್ಲಿ ಅಮೆರಿಕ ಸರಕಾರ ತನ್ನ ಉಪಗ್ರಹಗಳ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ತೆಗೆದುಹಾಕಿದ ಮೇಲೆ ಗಾಡಿಯ ಜಾಗ ಕೆಲವೇ ಮೀಟರುಗಳಷ್ಟು ನಿಖರವಾಗಿ ತಿಳಿಯತೊಡಗಿತು. ನಮ್ಮ ಇಸ್ರೋ ಸಂಸ್ಥೆಯೂ ೨೦೧೩ರಿಂದ ೨೦೧೬ರವರೆಗೆ ಇಂಥದೇ ಉಪಗ್ರಹಗಳ ಒಂದು ಮಾಲೆಯನ್ನು ಹಾರಿಸಿತು. 'ನಾವಿಕ್' ಎಂದು ಹೆಸರಾದ ಆ ಮಾಲೆಯ ನ್ಯಾವಿಗೇಷನ್ ಕೇಂದ್ರವಿರುವುದು ಬೆಂಗಳೂರಿಗೆ ಸಮೀಪದ ಬ್ಯಾಲಾಳಿನಲ್ಲಿ.

ಈಗ ನಮ್ಮ ಊರಿಗೆ ಬರೋಣ. ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ನಮ್ಮೆಲ್ಲರ ಬಾಯಲ್ಲಿ 'ಮೈಕೋ', ೧೯೫೧ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾಯಿತು. ಆಡುಗೋಡಿಯ ಅದರ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳಿಗೂ ಡೀಸೆಲ್ ಪಂಪುಗಳಿಗೂ ಹೆಸರಾಯಿತು. ರೇಡಿಯೋದ ಹಾಡನ್ನು ಕೆಡಿಸುತ್ತಿದ್ದ ಕಿಡಿಯನ್ನು ಮಾಡುತ್ತಿದ್ದವರೂ ಅವರೇ, ಕೆಡದ ಹಾಗೆ ಹಾಡುವ ರೇಡಿಯೋವನ್ನು ಜರ್ಮನಿಯಲ್ಲಿ ಮಾಡುತ್ತಿದ್ದವರೂ ಅವರ ಬಳಗದವರೇ. ೨೦೦೮ರಲ್ಲಿ ಮೈಕೋ ಎಂಬ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯಿತು. ಆದರೂ ಮೈಕೋ ಲೇಔಟು ಉಳಿದಿದೆ. ಅದೇ ಬಳಗದ ತಂತ್ರಾಂಶದ ಶಾಖೆ, ಇಂದಿನ ಹೆಸರಿನಲ್ಲಿ ಬಾಷ್ ಗ್ಲೋಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್, ಬೆಂಗಳೂರಿನಲ್ಲೇ ನೆಲೆಸಿ ಬೆಳೆದಿದೆ.

ಹೊರವಲಯದ ಕಥೆಯನ್ನು ಚುಟುಕಾಗಿ ಹೇಳಬಹುದು, ಏಕೆಂದರೆ ನಿಮಗೆ ಅದು ಗೊತ್ತಿದೆ. ಪೀಣ್ಯದಲ್ಲಿ ಲೇತುಗಳೂ ಅಚ್ಚಿನ ಕಾರ್ಖಾನೆಗಳೂ ಸೇರಿದವು. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ ಅದನ್ನು ಹಗಲುಗನಸೆಂದವರು ಇದ್ದರು. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಕೃಷಿ ವಸತಿಯಾಗಿ ಆರಂಭವಾದ ವೈಟ್‌ಫೀಲ್ಡು ೧೯೯೦ರ ದಶಕದ ಕೊನೆಯ ಹೊತ್ತಿಗೆ ಐಟಿಪಿಎಲ್‌ನ ನೆರೆಯೂರಾಯಿತು. ಕಂಪ್ಯೂಟರಿನ ವಿದ್ಯೆಯೂ ಯಂತ್ರದ ವಿದ್ಯೆಯೂ ಬಲ್ಲ ತರುಣರು ಒಂದೇ ಊರಿನಲ್ಲಿ ಸಿಗುತ್ತಾರೆಂಬುದು ಕಾರು ಮಾಡುವವರ ಕಿವಿಗೆ ಬಿದ್ದುದು ಆಗಲೇ.

ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆ ೧೯೯೬ರಲ್ಲಿ ಬೆಂಗಳೂರಿನಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ತೆರೆಯಿತು. ಇಂದು ಮರ್ಸಿಡೀಸ್-ಬೆಂಜ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಇಂಡಿಯಾ ಎಂಬ ಹೆಸರಿನಲ್ಲಿ ವೈಟ್‌ಫೀಲ್ಡಿನ ಭಾಗದಲ್ಲಿರುವ ಆ ಕೇಂದ್ರ, ಜರ್ಮನಿಯ ಹೊರಗೆ ಆ ಸಂಸ್ಥೆಯ ಅತಿ ದೊಡ್ಡ ಸಂಶೋಧನಾ ಕೇಂದ್ರವಾಗಿ ಬೆಳೆದಿದೆ. ೨೦೧೮ರಲ್ಲಿ ಆ ಸಂಸ್ಥೆಯ ಕಾರುಗಳಲ್ಲಿ ಮಾತನಾಡುವ ಹೊಸ ಏರ್ಪಾಡೊಂದು ಬಂದಿತು. ಅದರ ರಚನೆಯಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲೂ ಇದೆ. 'ಹೇ ಮರ್ಸಿಡೀಸ್' ಎಂದು ಕರೆದರೆ ಗಾಡಿ ಓಗೊಡುತ್ತದೆ. 'ನನಗೆ ಚಳಿಯಾಗುತ್ತಿದೆ' ಎಂದರೆ ಸಾಕು, ಶಾಖವನ್ನು ಹೆಚ್ಚಿಸುತ್ತದೆ. ಇಂತಿಷ್ಟು ಡಿಗ್ರಿ ಎಂದು ನೀವು ಆಜ್ಞೆ ಮಾಡಬೇಕಾಗಿಲ್ಲ.

ಇದಕ್ಕಿಂತ ಸೋಜಿಗದ್ದು ಅದರ ಕಲಿಕೆ. ಆ ಸಂಸ್ಥೆಯವರೇ ಕೊಟ್ಟ ಉದಾಹರಣೆಯನ್ನು ಹೇಳುತ್ತೇನೆ. ಪ್ರತಿ ಮಂಗಳವಾರ ಸಂಜೆ ಮನೆಗೆ ಹಿಂದಿರುಗುವಾಗ ನೀವು ನಿಮ್ಮ ತಾಯಿಯವರೊಡನೆ ದೂರವಾಣಿಯಲ್ಲಿ ಮಾತನಾಡುವ ವಾಡಿಕೆಯಿದ್ದರೆ, ಕೆಲವು ವಾರಗಳ ಮೇಲೆ ಮಂಗಳವಾರ ಸಂಜೆ ಅವರ ನಂಬರು ತಾನಾಗಿಯೇ ತೆರೆಯ ಮೇಲೆ ಮೂಡುತ್ತದೆ. ದಿನವೂ ಒಂದು ಹೊತ್ತಿಗೆ ಬಾನುಲಿಯ ವಾರ್ತೆಗೆ ತಿರುಗಿಸುವವರು ನೀವಾದರೆ, ಆ ಹೊತ್ತಿಗೆ ಆ ನಿಲಯವನ್ನೇ ಮುಂದಿಡುತ್ತದೆ. ಇದರ ಹಿಂದಿರುವುದು ಮಂತ್ರವಲ್ಲ, ಎಣಿಕೆ. ಯಾವ ದಿನ, ಯಾವ ಗಂಟೆ, ಗಾಡಿ ಎಲ್ಲಿತ್ತು, ಎತ್ತ ಹೊರಟಿತ್ತು, ಕುಳಿತವರು ಏನು ಮಾಡಿದರು ಎಂಬುದನ್ನೆಲ್ಲ ಗಾಡಿ ಬರೆದಿಟ್ಟುಕೊಳ್ಳುತ್ತದೆ. ಇಂದಿನ ಸಂದರ್ಭ ಹಿಂದಿನ ಯಾವ ಸಂದರ್ಭವನ್ನು ಹೋಲುತ್ತದೆ ಎಂದು ನೋಡುತ್ತದೆ. ಹೆಚ್ಚು ಸಲ ನಡೆದುದು ಇನ್ನೊಮ್ಮೆ ನಡೆದೀತು ಎಂದು ಪಣ ಕಟ್ಟುತ್ತದೆ. ನಮ್ಮ ಮನೆಯ ಅಜ್ಜಿಯಂದಿರು ಅಳಿಯನ ಎಲೆಗೆ ಎರಡನೆಯ ಸಲ ತೊವ್ವೆ ಬಡಿಸುವುದೂ ಇದೇ ಲೆಕ್ಕದ ಮೇಲೆ.

ಆದರೆ ಇಂಥ ವಾಣಿಗೆ ಮಾತನಾಡುವುದಕ್ಕಿಂತ ಸುಮ್ಮನಿರುವುದನ್ನು ಕಲಿಸುವುದು ಕಷ್ಟ. ಸ್ವೀಡನ್ನಿನ ವೋಲ್ವೋ ಸಂಸ್ಥೆ ೨೦೦೩ರ ಸುಮಾರಿನಲ್ಲಿ ಇದನ್ನು ಕಾರಿನಲ್ಲಿ ಅಳವಡಿಸಿತು. ಚಾಲಕ ಚಕ್ರವನ್ನು ತೀವ್ರವಾಗಿ ತಿರುಗಿಸುತ್ತಿದ್ದರೆ, ಬ್ರೇಕು ಒತ್ತುತ್ತಿದ್ದರೆ, ಬಂದ ದೂರವಾಣಿ ಕರೆಯನ್ನು ಗಾಡಿ ಕೆಲವು ಕ್ಷಣ ತಡೆಹಿಡಿಯುತ್ತಿತ್ತು. ಮಾರತಹಳ್ಳಿಯ ಸೇತುವೆಯಲ್ಲೋ ಸಿಲ್ಕ್ ಬೋರ್ಡಿನಲ್ಲೋ ಗಾಡಿ ನಡೆಸಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆಡಬೇಕಾದಾಗ ಆಡಿ ತಡೆಯಬೇಕಾದಾಗ ತಡೆಯುವುದು ಒಳ್ಳೆಯ ಉದ್ಘೋಷಕನ ಲಕ್ಷಣವೆಂದು ನಾವೂ ಹೇಳುತ್ತಿರಲಿಲ್ಲವೇ?

ದುಬಾರಿ ಗಾಡಿಗಳ ಮಾತು ಸಾಕು. ನಮ್ಮ ನೆಲದಲ್ಲೇ ರೂಪುಗೊಂಡ ಗಾಡಿಯೊಂದರ ವಿಚಾರ ಹೇಳಬೇಕು. ಚೇತನ್ ಮೈನಿಯವರ ರೇವಾ ವಿದ್ಯುತ್ ಕಾರು ೨೦೦೧ರಲ್ಲಿ ಬೊಮ್ಮಸಂದ್ರದಿಂದ ಹೊರಟಿತು. ಬೆಂಗಳೂರಿನ ಬೀದಿಗಳಲ್ಲಿ ಆಟಿಕೆಯಂತೆ ಓಡಾಡಿದ ಆ ಪುಟ್ಟ ಗಾಡಿಯನ್ನು ನೋಡಿ ನಕ್ಕವರೂ ಇದ್ದರು. ೨೦೦೯ರಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನದಲ್ಲಿ ಅದೇ ಸಂಸ್ಥೆ ಒಂದು ಉಪಾಯವನ್ನು ತೋರಿಸಿತು. ಬ್ಯಾಟರಿ ಮುಗಿದು ನಡುದಾರಿಯಲ್ಲಿ ನಿಂತರೆ ಚಾಲಕ ದೂರವಾಣಿಯ ಮೂಲಕ ಸಂಸ್ಥೆಯ ಕೇಂದ್ರಕ್ಕೆ ತಿಳಿಸಬಹುದು. ಕೇಂದ್ರದವರು ಗಾಡಿಯ ಬ್ಯಾಟರಿಯನ್ನು ದೂರದಿಂದಲೇ ಪರೀಕ್ಷಿಸಿ, ಅದರಲ್ಲಿ ಮುಟ್ಟದಂತೆ ಬದಿಗಿಟ್ಟಿದ್ದ ಸ್ವಲ್ಪ ಶಕ್ತಿಯನ್ನು ಬಿಡುಗಡೆ ಮಾಡುತ್ತಾರೆ. ಗಾಡಿ ಮನೆ ಸೇರುತ್ತದೆ. ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಕಾಸಿನಂಥ ಉಪಾಯ ಇದು. ಗೃಹಿಣಿಯರು ಇದನ್ನು ಕೇಳಿ ಇದರಲ್ಲಿ ಹೊಸದೇನಿದೆ ಎಂದಾರು! ೨೦೧೦ರಲ್ಲಿ ಮಹೀಂದ್ರ ಸಂಸ್ಥೆ ರೇವಾವನ್ನು ಕೊಂಡಿತು. ಮುಂದೆ, ೨೦೧೮ರಲ್ಲಿ, ಬೆಂಗಳೂರಿನ ಏಥರ್ ಸಂಸ್ಥೆ ತನ್ನ ವಿದ್ಯುತ್ ಸ್ಕೂಟರಿಗೆ ಹಾದಿ ತೋರಿಸುವ ತೆರೆಯನ್ನೇ ಕೂಡಿಸಿ ಮಾರಿತು. ಅದರ ಕಾರ್ಖಾನೆ ಆಮೇಲೆ ಗಡಿಯಾಚೆಯ ಹೊಸೂರಿಗೆ ಹೋಯಿತು.

ಸ್ವಂತ ಗಾಡಿಯಿಲ್ಲದವರಿಗೂ ಈ ಸೇವೆ ಒಮ್ಮೆ ಬಂದಿತ್ತು. ಬಾಡಿಗೆ ಕಾರಿನ ಓಲಾ ಸಂಸ್ಥೆ ೨೦೧೬ರ ನವೆಂಬರಿನಲ್ಲಿ 'ಓಲಾ ಪ್ಲೇ' ಎಂಬ ಏರ್ಪಾಡನ್ನು ಆರಂಭಿಸಿತು. ಕಾರಿನ ಹಿಂಬದಿಯ ಸೀಟಿನ ಮುಂದೆ ಒಂದು ತೆರೆ. ಐಟಿಪಿಎಲ್‌ನಿಂದ ಮೆಜೆಸ್ಟಿಕ್ಕಿಗೆ ಹೊರಟ ಪ್ರಯಾಣಿಕ ತನಗೆ ಬೇಕಾದ ಹಾಡನ್ನೂ ಚಿತ್ರವನ್ನೂ ಆರಿಸಿಕೊಳ್ಳಬಹುದು. ನಾಳೆ ಬೇರೊಂದು ಕಾರನ್ನು ಹತ್ತಿದರೂ ಆ ಕಾರು ಅವನ ರುಚಿಯನ್ನು ಬಲ್ಲುದಾಗಿರುತ್ತದೆ. ಗಾಡಿ ಬೇರೆ, ಚಾಲಕ ಬೇರೆ, ನೆನಪು ಮಾತ್ರ ಒಂದೇ. ಆ ಸೇವೆ ಕೆಲವೇ ವರ್ಷ ನಡೆದು ನಿಂತುಹೋಯಿತು. ಎಲ್ಲರ ಕೈಯಲ್ಲೂ ಫೋನು ಇರುವಾಗ ಸೀಟಿನ ಬೆನ್ನಿಗೊಂದು ತೆರೆ ಏಕೆ ಎಂದು ಜನರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲವನ್ನೂ ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಈ ಗಾಡಿ ಕನ್ನಡವನ್ನು ಬಲ್ಲುದೇ? ೨೦೧೮ರ ಆ ಜರ್ಮನ್ ಕಾರು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತನಾಡುತ್ತಿತ್ತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ವೈಟ್‌ಫೀಲ್ಡಿನ ನೀರು ಕುಡಿದ ಯಂತ್ರಕ್ಕೆ ಕಾಡುಗೋಡಿಯ ಮಾತು ಬಾರದು ಎಂಬುದು ಕೇಳಲು ಚೆನ್ನಾಗಿಲ್ಲ. ಇದಕ್ಕೆ ಮಾರುಕಟ್ಟೆಯ ಕಾರಣ ಇದ್ದೇ ಇದೆ. ಜೊತೆಗೆ ಭಾಷೆಯ ಸ್ವಭಾವದ ಕಾರಣವೂ ಉಂಟು. ಇಂಗ್ಲಿಷಿನಲ್ಲಿ ಊರಿನ ಹೆಸರು ಒಂದೇ ರೂಪದಲ್ಲಿ ನಿಲ್ಲುತ್ತದೆ. ನಾವಾದರೋ ಪೀಣ್ಯಕ್ಕೆ, ಪೀಣ್ಯದಿಂದ, ಪೀಣ್ಯದವರೆಗೂ, ಪೀಣ್ಯದಲ್ಲೇ ಎಂದು ಒಂದು ಹೆಸರನ್ನು ಹತ್ತಾರು ರೂಪಗಳಲ್ಲಿ ಹೊಸೆಯುತ್ತೇವೆ. ಯಂತ್ರ ಇವೆಲ್ಲವನ್ನೂ ಒಂದೇ ಊರೆಂದು ತಿಳಿಯಬೇಕು. ಇದರ ಮೇಲೆ ಧಾರವಾಡದ ಕನ್ನಡ ಒಂದು, ಮಂಗಳೂರಿನದು ಇನ್ನೊಂದು, ಕೋಲಾರದ ಗಡಿಯದು ಮತ್ತೊಂದು. ಕಲಬುರಗಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಂದವರು 'ಎಸಿ ಸ್ವಲ್ಪ ಕಡಿಮಿ ಮಾಡ್ರಿ' ಎಂದರೂ ಅದಕ್ಕೆ ಅರ್ಥವಾಗಬೇಕು, ಮಂಡ್ಯದವರು ಹೇಳಿದರೂ ಅರ್ಥವಾಗಬೇಕು.

ಊರ ಹೆಸರುಗಳ ಗತಿಯನ್ನಂತೂ ಕೇಳುವುದೇ ಬೇಡ. ನಕ್ಷೆಯ ಹೆಸರುಗಳು ರೋಮನ್ ಲಿಪಿಯಲ್ಲಿ ಕುಳಿತಿರುವುದರಿಂದ ನಮ್ಮ ಣಕಾರ ಳಕಾರಗಳು ಅಲ್ಲಿ ಸತ್ತಿವೆ. ಹ್ರಸ್ವ ದೀರ್ಘಗಳು ಒಂದೇ ಆಗಿವೆ. ಪೀಣ್ಯದ ಣಕಾರ ಹಾರಿತು, ಕಾಡುಗೋಡಿ ಕಡುಗೊಡಿಯಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಬೇಗೂರಿನ ಒಂಬತ್ತನೆಯ ಶತಮಾನದ ವೀರಗಲ್ಲಿನ ಮೇಲೆ ಬೆಂಗಳೂರಿನ ಹೆಸರು ಕನ್ನಡದ ಅಕ್ಷರಗಳಲ್ಲೇ ಕೊರೆದಿದೆ. ಸಾವಿರ ವರ್ಷದ ಕಲ್ಲು ಸರಿಯಾಗಿ ಹೇಳುವುದನ್ನು ನಿನ್ನೆಯ ಯಂತ್ರ ತಪ್ಪಿ ಹೇಳಿದರೆ ಸಿಟ್ಟು ಬರುವುದು ಸಹಜ. ೨೦೨೧ರ ಜನವರಿಯಲ್ಲಿ ಗೂಗಲ್ ಸಂಸ್ಥೆ ತನ್ನ ನಕ್ಷೆಯ ಸ್ಥಳನಾಮಗಳನ್ನು ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಲಿಪಿಗೆ ತರುವ ಕೆಲಸವನ್ನು ಪ್ರಕಟಿಸಿತು. ಆದರೆ ಅದೂ ಯಂತ್ರವೇ ಮಾಡುವ ಲಿಪ್ಯಂತರ.

ಈ ಕೊರತೆಯನ್ನು ತುಂಬುವ ಕೆಲಸವೂ ಬೆಂಗಳೂರಿನಲ್ಲೇ ನಡೆದಿದೆ. ಟಾಟಾ ಇನ್‌ಸ್ಟಿಟ್ಯೂಟು ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಯಂತ್ರಕ್ಕೆ ಮಾತು ಕಲಿಸಲು ಧ್ವನಿ ಸಂಗ್ರಹವಾಗಿದೆ. ಅದೇ ಸಂಸ್ಥೆ ಗೂಗಲ್ ಜೊತೆಗೂಡಿ ೨೦೨೨ರಲ್ಲಿ ಪ್ರಕಟಿಸಿದ 'ವಾಣಿ' ಎಂಬ ಯೋಜನೆಯ ಗುರಿ ದೇಶದ ೭೭೩ ಜಿಲ್ಲೆಗಳ ಜನರ ಮಾತನ್ನು ಸೆರೆಹಿಡಿಯುವುದು. ಜನರ ಮುಂದೆ ಒಂದು ಚಿತ್ರವನ್ನಿಟ್ಟು, ಕಂಡುದನ್ನು ತಮ್ಮ ಊರಿನ ಮಾತಿನಲ್ಲೇ ಹೇಳಿ ಎಂದು ಕೇಳುತ್ತಾರೆ. ಭಾಷೆಯನ್ನು ಲೆಕ್ಕಕ್ಕೆ ಹಿಡಿಯದೆ ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿದುದು ಜಾಣತನ. ಪುಸ್ತಕದ ಕನ್ನಡವೊಂದನ್ನೇ ಕಲಿತ ಯಂತ್ರ ಗಾಡಿಯಲ್ಲಿ ನಿಷ್ಪ್ರಯೋಜಕ.

ಇಲ್ಲಿ ಮೈಸೂರಿನ ಸಿಟಿ ಬಸ್ಸನ್ನು ನೆನೆಯುವುದು ನ್ಯಾಯ. ೨೦೧೨ರಲ್ಲಿ ನಮ್ಮ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ 'ಮಿತ್ರ' ಎಂಬ ಯೋಜನೆಯಲ್ಲಿ ಮೈಸೂರಿನ ಸುಮಾರು ೫೦೦ ಬಸ್ಸುಗಳಿಗೆ ಉಪಗ್ರಹದ ಯಂತ್ರಗಳನ್ನು ಕೂಡಿಸಿತು. ಮುಂದಿನ ನಿಲ್ದಾಣ ಯಾವುದೆಂದು ಬಸ್ಸು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳತೊಡಗಿತು. ನಿಲ್ದಾಣದಲ್ಲಿ ಕಾದವರಿಗೆ ಇನ್ನೆಷ್ಟು ನಿಮಿಷವೆಂಬುದು ತಿಳಿಯತೊಡಗಿತು. ಆ ಬಸ್ಸು ತಾನೆಲ್ಲಿದ್ದೇನೆಂಬುದನ್ನು ಬಲ್ಲುದು, ಪ್ರಯಾಣಿಕರು ಯಾರೆಂಬುದನ್ನು ಕೇಳಲೇ ಇಲ್ಲ. ಕಣ್ಣು ಮಂಜಾದ ವೃದ್ಧರಿಗೂ, ಊರಿಗೆ ಹೊಸಬರಾದ ಪ್ರವಾಸಿಗಳಿಗೂ ಅದು ಸಮಾನವಾಗಿ ಒದಗಿತು. ಜರ್ಮನಿಯ ೧೯೭೪ರ ರೇಡಿಯೋದ ವಂಶದ್ದು ಅದು.

ಈಗ ಚಿಂತೆಯ ಮಾತಿಗೆ ಬರುತ್ತೇನೆ. ಪ್ರಯಾಣಿಕನನ್ನು ಅರಿತ ಗಾಡಿ ನಮಗೆ ತೀರ ಹೊಸದಲ್ಲ. ಜಟಕಾ ಗಾಡಿಯ ಕಾಲವನ್ನು ಕಂಡವರನ್ನು ಕೇಳಿ. ಖಾಯಂ ಗಿರಾಕಿಯ ಮನೆ, ಕಛೇರಿ, ಮಾವನ ಮನೆ, ಎಲ್ಲವೂ ಗಾಡಿಯವನಿಗೆ ಗೊತ್ತು. 'ಇವತ್ತು ಶುಕ್ರವಾರ, ದೇವಸ್ಥಾನಕ್ಕೇ ಅಲ್ಲವೇ ಅಮ್ಮಾವ್ರೇ?' ಎಂದು ಅವನೇ ಲಗಾಮು ತಿರುಗಿಸುತ್ತಿದ್ದ. ಬಸುರಿ ಕುಳಿತರೆ ಕುದುರೆಯನ್ನು ನಿಧಾನವಾಗಿ ನಡೆಸುತ್ತಿದ್ದ. ಇದಕ್ಕಿಂತ ಹೆಚ್ಚಿನದನ್ನು ವೈಟ್‌ಫೀಲ್ಡಿನ ಎಂಜಿನಿಯರುಗಳು ಇನ್ನೂ ಮಾಡಿಲ್ಲ. ಆದರೆ ಅವನು ಬಲ್ಲುದು ಅವನ ತಲೆಯಲ್ಲಿತ್ತು, ಅವನು ನಿಮ್ಮ ಬೀದಿಯವನೇ ಆಗಿದ್ದ, ಬಾಯಿ ಹರಿಯಬಿಟ್ಟರೆ ನಾಳೆ ನಿಮ್ಮ ಮುಖ ನೋಡಬೇಕಾಗಿತ್ತು. ಕಾರು ಬಲ್ಲುದು ಎಲ್ಲೋ ದೂರದ ಯಂತ್ರದ ಉಗ್ರಾಣದಲ್ಲಿರುತ್ತದೆ. ಅದರ ನಕಲು ಎಷ್ಟಾದರೂ ಆಗಬಹುದು.

ಇದು ಬರಿಯ ಭಯವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ೧೯೯೬ರಲ್ಲಿ 'ಆನ್‌ಸ್ಟಾರ್' ಎಂಬ ಸೇವೆಯನ್ನು ಆರಂಭಿಸಿತು. ಅಪಘಾತವಾದರೆ ಗಾಡಿಯೇ ನೆರವನ್ನು ಕರೆಯುವಂಥ ಉಪಕಾರದ ಸೇವೆ ಅದು. ಕಾಲಕ್ರಮದಲ್ಲಿ ಅದೇ ಕೊಳವೆಯಿಂದ, ಯಾರು ಎಷ್ಟು ಜೋರಾಗಿ ಬ್ರೇಕು ಒತ್ತಿದರು, ಯಾರು ನಡುರಾತ್ರಿ ಗಾಡಿ ಓಡಿಸಿದರು ಎಂಬ ವಿವರಗಳು ಹೊರಗೆ ಹರಿದು ವಿಮೆಯ ಕಂಪನಿಗಳವರೆಗೂ ಹೋದವು. ಕೆಲವರಿಗೆ ಇದು ತಿಳಿದುದು ವಿಮೆಯ ಕಂತು ಏರಿದ ಮೇಲೆ. ೨೦೨೫ರ ಜನವರಿಯಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯವನ್ನು ಕೈಗೆತ್ತಿಕೊಂಡು, ಚಾಲಕರ ಜಾಡನ್ನೂ ನಡವಳಿಕೆಯನ್ನೂ ಅಂಥ ವರದಿಗಾರ ಸಂಸ್ಥೆಗಳಿಗೆ ಕೊಡದಂತೆ ಐದು ವರ್ಷಗಳ ನಿರ್ಬಂಧವನ್ನು ಪ್ರಕಟಿಸಿತು.

ನಮ್ಮಲ್ಲಿ ಈ ಹಕ್ಕಿನ ಹೋರಾಟಕ್ಕೆ ಕನ್ನಡ ನಾಡಿನ ಒಬ್ಬ ಹಿರಿಯರ ಹೆಸರು ಅಂಟಿಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು ಬಂದಿತು. ನಿಮ್ಮ ವಿವರವನ್ನು ಪಡೆಯುವವರು ಅದು ಏತಕ್ಕೆಂದು ಹೇಳಿ ಒಪ್ಪಿಗೆ ಕೇಳಬೇಕು. ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ನೀವು ಬಯಸಿದರೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಹೀಗಾಗಿ ಗಾಡಿಗೆ ಕನ್ನಡ ಬಾರದಿದ್ದರೂ ಗಾಡಿಯ ಕರಾರು ಕನ್ನಡದಲ್ಲಿ ಸಿಗಬೇಕು. ಕಾನೂನಿನ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವನ್ನು ಇಟ್ಟಿದ್ದಾರೆ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ತೆರೆಯಿರುವ ಹಳೆಯ ಕಾರನ್ನು ಮಾರುವಾಗ ಜನ ತೆರಿಗೆಯ ಚೀಟಿ, ವಿಮೆಯ ಕಾಗದ, ಎರಡನೆಯ ಬೀಗದ ಕೈ ಎಲ್ಲವನ್ನೂ ಜ್ಞಾಪಿಸಿಕೊಳ್ಳುತ್ತಾರೆ. ಗಾಡಿಯ ನೆನಪನ್ನು ಮಾತ್ರ ಮರೆಯುತ್ತಾರೆ. ನಿಮ್ಮ ಮನೆಯ ವಿಳಾಸ, ಫೋನಿನಿಂದ ಇಳಿದ ಬಂಧುಗಳ ನಂಬರುಗಳು, ಹೋದ ವರ್ಷದ ಹಾದಿಗಳು ಎಲ್ಲ ಹೊಸ ಮಾಲೀಕರ ಪಾಲಾಗುತ್ತವೆ. ತೆರೆಯ ಸೆಟ್ಟಿಂಗಿನ ಪುಟದಲ್ಲಿ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರುವ ಆಯ್ಕೆ ಇರುತ್ತದೆ. ಮಗನನ್ನೋ ಮೊಮ್ಮಗಳನ್ನೋ ಕೂಡಿಸಿಕೊಂಡು ಅದನ್ನು ಒತ್ತಿಸಿ. ಆಮೇಲೆ ನಿಮ್ಮ ಫೋನಿನಲ್ಲಿರುವ ಆ ಕಾರಿನ ಆಪ್ಪಿನಿಂದಲೂ ಗಾಡಿಯನ್ನು ತೆಗೆಸಿಹಾಕಿ. ಇದನ್ನು ಮಾಡದಿದ್ದರೆ ಮಾರಿದ ಗಾಡಿ ಎಲ್ಲಿಗೆ ಹೋಯಿತೆಂಬುದು ನಿಮಗೆ ಕಾಣಿಸುತ್ತಲೇ ಇರಬಹುದು. ನೀವು ಹಳೆಯ ಕಾರನ್ನು ಕೊಂಡವರಾದರೆ, ಅದೇ ರೀತಿ, ನಿಮ್ಮ ಓಡಾಟ ಮಾರಿದವರಿಗೆ.